ಕೆಂಚಿಯ ರಸೀದಿ

ನನ್ನ ಪರ್ಸಿನಲ್ಲಿ ಒಂದು ರಸೀದಿ ಇದೆ. ಬೆಂಗಳೂರಿನಿಂದ ಪುಣೆಗೆ, ನಾಯಿ ಒಂದು, ತೂಕ 30 ಕೆಜಿ. ಆ ನಾಯಿಯ ನಿಜವಾದ ತೂಕ 14 ಕೆಜಿ. ಹೆಸರು ಕೆಂಚಿ. ಹುಟ್ಟಿದ್ದು ನಮ್ಮೂರು ಶಿವನಿಯಲ್ಲಿ, ಬೆಳೆದದ್ದು ಶಿವನಿ ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಕೆಳಗೆ. ಇದ್ಯಾವುದೂ ರಸೀದಿಯಲ್ಲಿ ಇಲ್ಲ. ತೂಕ ಮಾತ್ರ ಇದೆ, ಅದೂ ತಪ್ಪು.

ತಪ್ಪು ಅಂತ ಕೌಂಟರಿನಲ್ಲಿದ್ದವರಿಗೆ ಹೇಳಿದೆ. ಅವರು ನಕ್ಕು, ‘ನಾಯಿ ಅಂದ್ರೆ 30 ಕೆಜಿ ಸಾರ್, ಸಣ್ಣದಾದ್ರೂ ದೊಡ್ಡದಾದ್ರೂ’ ಅಂದ್ರು. ಬ್ರೇಕ್ ವ್ಯಾನಿನಲ್ಲಿ ಹೋಗುವ ನಾಯಿಗೆ ರೈಲ್ವೆ ಕಟ್ಟಿಟ್ಟಿರೋ ಲೆಕ್ಕ ಅದು. ಆಮೇಲೆ ಕೇಳಿದ್ರು, ‘ಬೆಲೆ ಡಿಕ್ಲೇರ್ ಮಾಡ್ತೀರಾ?’ ಮಾಡದಿದ್ದರೆ? ಮಾಡದಿದ್ದರೆ ನಾಯಿಗೆ ಏನಾದರೂ ಆದಾಗ ರೈಲ್ವೆ ಕೊಡಬೇಕಾದ ಗರಿಷ್ಠ ಮೊತ್ತ 120 ರೂಪಾಯಿ. 1990ರ ನಿಯಮ. ಆನೆಗೆ 6000, ಕುದುರೆಗೆ 3000, ದನಕ್ಕೆ 800, ನಾಯಿ ಕತ್ತೆ ಮೇಕೆ ಕುರಿ ಹಂದಿಗೆಲ್ಲ 120. ಅಲ್ಲಿಂದ ಶುರುವಾಯ್ತು ನನ್ನ ತಲೆನೋವು. ಈ 120 ಎಲ್ಲಿಂದ ಬಂತು?

ಮೊದಲು ಕೆಂಚಿ ಪ್ರಯಾಣ ಹೊರಟದ್ದು ಯಾಕೆ ಅಂತ ಹೇಳಿಬಿಡ್ತೀನಿ. ಕಳೆದ ಮಳೆಗಾಲದಲ್ಲಿ ಸ್ಟೇಷನ್ ರಸ್ತೆಯಲ್ಲಿ ಯಾವುದೋ ಬೈಕ್ ಗುದ್ದಿ ಅವಳ ಹಿಂಗಾಲು ಮುರಿಯಿತು. ಅವಳಿಗೆ ದಿನಾ ರಾತ್ರಿ ಮುದ್ದೆ ಚೂರು ಹಾಕ್ತಿದ್ದ ನಮ್ಮಮ್ಮ ಫೋನ್ ಮಾಡಿ ಅತ್ತಳು. ನಾನು ಶನಿವಾರ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಹಳೇ ಕಂಬಳಿ ಹಾಸಿ ಬೆಂಗಳೂರಿಗೆ ತಂದೆ. ಆಪರೇಷನ್ ಆಯ್ತು, ಸಂತಾನಹರಣ ಆಯ್ತು, ರೇಬೀಸ್ ಲಸಿಕೆ ಆಯ್ತು. ಕಾಲು ಕೂಡಿತು, ಕುಂಟು ಉಳಿಯಿತು. ವಾಸಿಯಾದ ಮೇಲೆ ವಾಪಸ್ ಸ್ಟೇಷನ್ನಿಗೇ ಬಿಡೋದು ಅಂತ ನನ್ನ ಯೋಚನೆ. ನಮ್ಮ ಕಾನೂನಿನ ಯೋಚನೆಯೂ ಅದೇ ಆಗಿತ್ತು. 2001ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಬರೋಕೆ ಮುಂಚೆ ನಗರಸಭೆಗಳು ಬೀದಿನಾಯಿಗಳನ್ನು ಹಿಡಿದು ಕೊಲ್ತಿದ್ದವು. 2001ರ ನಿಯಮ ಆ ಪದ್ಧತಿ ಬದಲಿಸಿತು: ಹಿಡಿ, ಆಪರೇಷನ್ ಮಾಡು, ಲಸಿಕೆ ಹಾಕು, ಹಿಡಿದ ಜಾಗದಲ್ಲೇ ಬಿಡು. 2023ರ ಹೊಸ ನಿಯಮವೂ ಅದನ್ನೇ ಹೇಳಿತು. ಅಂದರೆ ಬೀದಿನಾಯಿಗೆ ಯಜಮಾನ ಇಲ್ಲದಿದ್ದರೂ ಊರು ಅಂತ ಒಂದಿದೆ, ಅದನ್ನು ಯಾರೂ ಕಿತ್ತುಕೊಳ್ಳೋ ಹಾಗಿಲ್ಲ.

2025 ಇದನ್ನೂ ಅಲುಗಾಡಿಸಿತು. ಆಗಸ್ಟ್ 11ಕ್ಕೆ ಸುಪ್ರೀಂ ಕೋರ್ಟ್ ದೆಹಲಿ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಶೆಲ್ಟರಿಗೆ ಹಾಕಿ ಅಂದಿತು. ಆಗಸ್ಟ್ 22ಕ್ಕೆ ಅದನ್ನು ತಿದ್ದಿ, ರೇಬೀಸ್ ಇರುವ, ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ ಹಾಕಿ ಅದೇ ಜಾಗಕ್ಕೆ ಬಿಡಿ ಅಂದಿತು. ನವೆಂಬರ್ 7ಕ್ಕೆ ಮತ್ತೆ ಒಂದು ಆದೇಶ: ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲ್ವೆ ಸ್ಟೇಷನ್‌ಗಳಲ್ಲಿರುವ ನಾಯಿಗಳನ್ನು ತೆಗೆಯಬೇಕು, ಮತ್ತೆ ಅಲ್ಲಿ ಬಿಡಬಾರದು. ನಾಯಿ ಕಚ್ಚಿ ರೇಬೀಸ್‌ನಿಂದ ಮಕ್ಕಳು ಸಾಯೋ ದೇಶದಲ್ಲಿ ಈ ಆದೇಶವನ್ನು ಸುಮ್ಮನೆ ಬೈಯೋಕೆ ನನಗೆ ಮನಸ್ಸಿಲ್ಲ. ಆದರೆ ಕೆಂಚಿಯ ವಿಳಾಸ ರೈಲ್ವೆ ಸ್ಟೇಷನ್ನೇ ಆಗಿತ್ತಲ್ಲ! ಅದೂ ಅಲ್ಲದೆ ಕುಂಟುವ ನಾಯಿಯನ್ನು ಹಳಿಯ ಪಕ್ಕ ಬಿಡೋದು ಹೇಗೆ? ನಮ್ಮಮ್ಮನಿಗೂ ವಯಸ್ಸಾಯ್ತು, ಮನೆ ಒಳಗೆ ಕಟ್ಟಿ ಸಾಕೋ ಶಕ್ತಿ ಇಲ್ಲ. ನನ್ನ ಬಾಡಿಗೆ ಮನೆಯಲ್ಲಿ ನಾಯಿ ಇಡೋ ಹಾಗಿಲ್ಲ. ಉಳಿದ ದಾರಿ ಒಂದೇ, ದತ್ತು. ಪುಣೆಯಲ್ಲಿರೋ ನನ್ನ ಹಳೇ ಟೀಮಿನ ಒಬ್ಬರು ‘ನಮಗೆ ಕೊಡು’ ಅಂದ್ರು. ಹಾಗಾಗಿ ಸಾವಿರ ಕಿಲೋಮೀಟರಿನ ಆಸುಪಾಸು ದೂರಕ್ಕೆ ಅವಳನ್ನು ಮುಟ್ಟಿಸೋ ಕೆಲಸ ನನ್ನ ತಲೆಗೆ ಬಂತು.

ಪ್ರಾಣಿ ಸಾಗಿಸೋದು ನಮ್ಮ ಸೀಮೆಗೆ ಹೊಸದೇನಲ್ಲ. ಪಕ್ಕದ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಕೇಂದ್ರ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯ್ತು. ಹೈದರನ, ಟಿಪ್ಪುವಿನ ಫಿರಂಗಿ ಎಳೆದದ್ದು ಈ ಎತ್ತುಗಳು. ಋತು ನೋಡಿ ಒಂದು ಕಾವಲಿನಿಂದ ಇನ್ನೊಂದು ಕಾವಲಿಗೆ ಹಿಂಡು ಹೊಡೆಯೋರು, ಲೆಕ್ಕ ಬರೆಯೋರು, ಮುದ್ರೆ ಹಾಕೋರು. ದನಕ್ಕೆ ಒಂದು ಇಲಾಖೆಯೇ ಇತ್ತು. ನಾಯಿಗೆ ಅಂಥದ್ದು ಇರಲಿಲ್ಲ. ಹಳ್ಳಿಯ ನಾಯಿ ಅಂದ್ರೆ ಊರಿನಲ್ಲೇ ಹುಟ್ಟಿ ಊರಿನಲ್ಲೇ ಸಾಯೋದು. ನೆಂಟರ ಮನೆಗೆ ಮರಿ ಕೊಡಬೇಕಾದ್ರೆ ಒಂದು ಬುಟ್ಟಿ ಸಾಕಿತ್ತು.

1889ರಲ್ಲಿ ಗುಬ್ಬಿಯಿಂದ ಹರಿಹರದವರೆಗೆ ಮೀಟರ್ ಗೇಜ್ ಹಳಿ ಬಂತು. ಸದರ್ನ್ ಮರಾಠಾ ರೈಲ್ವೆಯವರು ಓಡಿಸ್ತಿದ್ದ ದಾರಿ. ಬೀರೂರು, ಅಜ್ಜಂಪುರ, ಶಿವನಿ ದಾಟಿ ಹೋಗೋ ನಮ್ಮ ಹಳಿ ಇದೇ. ಅದರ ಮರುವರ್ಷವೇ ಬ್ರಿಟಿಷರು ಭಾರತೀಯ ರೈಲ್ವೆ ಕಾಯ್ದೆ ಮಾಡಿದ್ರು, 1890ರ 9ನೇ ಕಾಯ್ದೆ. ಅದರ 73ನೇ ಸೆಕ್ಷನ್ನಿನಲ್ಲಿ ನನ್ನ 120ರ ಬೇರು ಸಿಕ್ಕಿತು. ಬೆಲೆ ಘೋಷಿಸದ ಪ್ರಾಣಿ ರೈಲ್ವೆ ಕೈಯಲ್ಲಿ ಸತ್ತರೆ ಆನೆ ಕುದುರೆಗೆ 500 ರೂಪಾಯಿ ಮೀರಬಾರದು, ದನಕ್ಕೆ 50, ಕುರಿ ಮೇಕೆ ನಾಯಿಗೆ 10. ಮುಂದೆ ಆ 10, 30 ಆಯ್ತು. ಆಮೇಲೆ 120. ನೂರು ವರ್ಷದಲ್ಲಿ ಹನ್ನೆರಡು ಪಟ್ಟು.

ಇಂಗ್ಲೆಂಡಿನ ಒಂದು ಮೊಕದ್ದಮೆ ಇದೆ, 1872ರದ್ದು. ರಿಚರ್ಡ್‌ಸನ್ ಅನ್ನುವವರು ನಾರ್ತ್ ಈಸ್ಟರ್ನ್ ರೈಲ್ವೆ ಮೇಲೆ ಹಾಕಿದ್ದು. ಒಂದು ಗ್ರೇಹೌಂಡ್ ನಾಯಿಯನ್ನು ಕೊರಳಪಟ್ಟಿ, ಬಾರಿನ ಸಮೇತ ರೈಲಿಗೆ ಒಪ್ಪಿಸಿದ್ರು. ಮಧ್ಯದ ಸ್ಟೇಷನ್ನಿನಲ್ಲಿ ಇಳಿಸಿ ಅದೇ ಬಾರಿನಿಂದ ಕಟ್ಟಿ ಹಾಕಿದ್ರು. ನಾಯಿ ಪಟ್ಟಿಯಿಂದ ಕತ್ತು ಜಾರಿಸಿಕೊಂಡು ಹಳಿಗೆ ಓಡಿ ಸತ್ತಿತು. ಒಡೆಯನೇ ಕೊಟ್ಟ ಪಟ್ಟಿಯಿಂದ ಕಟ್ಟಿದ್ದರಲ್ಲಿ ರೈಲ್ವೆಯ ತಪ್ಪಿಲ್ಲ ಅಂತ ಕೋರ್ಟ್ ಹೇಳಿತು. ಇದನ್ನು ಓದಿದಾಗ ‘ಪಾಪ’ ಅಂದುಕೊಂಡು ಪುಟ ತಿರುಗಿಸಿದ್ದೆ. ಪಾಠ ಅಂತ ಓದಬೇಕಿತ್ತು.

ಸ್ವತಂತ್ರ ಭಾರತದಲ್ಲಿ ನಾಯಿ ಸರಕಿಗಿಂತ ಸ್ವಲ್ಪ ಮೇಲೇರಿತು. ರಾಜ್ಯಸಭೆಯಲ್ಲಿದ್ದ ನೃತ್ಯಗಾರ್ತಿ ರುಕ್ಮಿಣಿದೇವಿ ಅರುಂಡೇಲ್ ಪ್ರಾಣಿಹಿಂಸೆ ತಡೆಗೆ ಖಾಸಗಿ ಮಸೂದೆ ತಂದರು, ಅದರ ಫಲವಾಗಿ 1960ರ ಕಾಯ್ದೆ ಬಂತು. ಅದರ ಕೆಳಗೆ 1978ರಲ್ಲಿ ಪ್ರಾಣಿ ಸಾಗಣೆ ನಿಯಮಗಳು ಬಂದವು. ನಾನು ದಿನವಿಡೀ ಓದೋದು ಸಾಫ್ಟ್‌ವೇರಿನ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ಗಳನ್ನು. ಇಷ್ಟು ಸ್ಪಷ್ಟವಾಗಿ ಬರೆದದ್ದು ಅಲ್ಲಿ ಅಪರೂಪ. ಪ್ರಯಾಣಕ್ಕೆ ಯೋಗ್ಯ, ಅಂಟುರೋಗ ಇಲ್ಲ, ರೇಬೀಸ್ ಲಕ್ಷಣ ಇಲ್ಲ ಅಂತ ಪಶುವೈದ್ಯರ ಸರ್ಟಿಫಿಕೇಟ್ ಬೇಕು. ಹೊರಡೋಕೆ ಎರಡು ಗಂಟೆ ಮುಂಚೆಯೇ ಊಟ ನೀರು ಆಗಿರಬೇಕು. ಆದಷ್ಟೂ ಕೊನೇ ಗಳಿಗೆಯಲ್ಲಿ ಓಡಾಡಿಸಿ ಹತ್ತಿಸಬೇಕು. ಬೇಸಿಗೆಯಲ್ಲಿ ನಾಲ್ಕು ಗಂಟೆಗೊಮ್ಮೆ, ಚಳಿಗಾಲದಲ್ಲಿ ಆರು ಗಂಟೆಗೊಮ್ಮೆ ನೀರು. ದೊಡ್ಡ ನಾಯಿಗೆ ಹನ್ನೆರಡು ಗಂಟೆಗೊಮ್ಮೆ ಊಟ, ಮರಿಗೆ ನಾಲ್ಕು ಗಂಟೆಗೊಮ್ಮೆ. ರೈಲಿನಲ್ಲಿ ಆರು ಗಂಟೆ ಮೀರಿದ ಪ್ರಯಾಣವಾದ್ರೆ ಜೊತೆಗೆ ಒಬ್ಬ ಮನುಷ್ಯ ಇರಲೇಬೇಕು. ಬಾಯಾರಿಕೆ ಆಗುತ್ತೆ ಅನ್ನೋದನ್ನು 1890ರ 10 ರೂಪಾಯಿ ಲೆಕ್ಕ ಹಾಕಿರಲಿಲ್ಲ. 1978 ಹಾಕಿತು.

ದತ್ತು ಅನ್ನೋದು ನಮ್ಮಲ್ಲಿ ಬೇರೂರಿದ್ದು ಇನ್ನೂ ಆಮೇಲೆ. ಬೆಂಗಳೂರಿನಲ್ಲಿ 1991ರಲ್ಲಿ ಕ್ರಿಸ್ಟಲ್ ರೋಜರ್ಸ್ ಅನ್ನೋ ಇಂಗ್ಲಿಷ್ ಹೆಂಗಸು ಕ್ಯೂಪಾ ಸಂಸ್ಥೆ ಕಟ್ಟಿದಳು. ಅದಕ್ಕೂ ಮುಂಚೆ ದೆಹಲಿಯಲ್ಲಿ, ಜೈಪುರದಲ್ಲಿ ಇದೇ ಕೆಲಸ ಮಾಡಿ ಬಂದ ಮುದುಕಿ. ಇಂಥ ಸಂಸ್ಥೆಗಳಿಂದಾಗಿ ಗಾಯಗೊಂಡ ಬೀದಿನಾಯಿಗೂ ಒಂದು ಫಾರ್ಮ್, ಒಂದು ಹೆಸರು, ಒಂದು ಮನೆ ಸಿಗಬಹುದು ಅನ್ನೋದು ಬೆಂಗಳೂರಿಗೆ ರೂಢಿಯಾಯ್ತು. ಆ ಮನೆ ಬೇರೆ ರಾಜ್ಯದಲ್ಲೂ ಇರಬಹುದು ಅನ್ನೋದು ನಮ್ಮ ಐಟಿ ಮಂದಿಯ ಓಡಾಟದ ಕಾಲದ ಮಾತು.

ಇನ್ನು ನನ್ನ ಡಿಸೆಂಬರಿನ ಪ್ರಯಾಣ. ವಿಮಾನದ ಕಾರ್ಗೋ ಬೇಡ ಅನ್ನಿಸಿತು. ಪ್ರಾಣಿ ಸಾಗಿಸೋ ಟ್ಯಾಕ್ಸಿಯವರು ಹೇಳಿದ ರೇಟು ನನ್ನ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ಫಸ್ಟ್ ಎಸಿಯಲ್ಲಿ ಕೂಪೆ ಪೂರ್ತಿ ಬುಕ್ ಮಾಡಿದ್ರೆ ನಾಯಿಯನ್ನು ಜೊತೆಗೇ ಇಟ್ಟುಕೊಳ್ಳಬಹುದು, ಆದರೆ ಕೂಪೆ ಸಿಕ್ಕಿದೆಯೋ ಇಲ್ಲವೋ ತಿಳಿಯೋದು ಚಾರ್ಟ್ ಆದ ಮೇಲೆ. ಸಿಗಲಿಲ್ಲ. ಹಾಗಾಗಿ ಗಾರ್ಡ್ ಡಬ್ಬಿಯ ನಾಯಿಪೆಟ್ಟಿಗೆಯೇ ಗತಿ. ಕಬ್ಬಿಣದ ಸಣ್ಣ ಗೂಡು, ಗಾಳಿಗೆ ಸೀಳುಕಿಂಡಿ. 2022ರಿಂದ ಗಾರ್ಡಿಗೆ ಟ್ರೈನ್ ಮ್ಯಾನೇಜರ್ ಅಂತ ಹೆಸರು ಬದಲಾಗಿದೆ. ಪೆಟ್ಟಿಗೆ ಬದಲಾಗಿಲ್ಲ. ನಾನು ಅಮ್ಮನ ಹಳೇ ಸೀರೆ ಮಡಿಚಿ ಹಾಸಿದೆ. ಗಾರ್ಡ್ ಒಳ್ಳೆಯವರು, ‘ಬೊಗಳಿದ್ರೆ ನಾನು ಮಾತಾಡಿಸ್ತೀನಿ ಬಿಡಿ’ ಅಂದ್ರು.

ಹುಬ್ಬಳ್ಳಿ, ಮೀರಜ್ ಮೇಲೆ ಹೋಗೋ ಗಾಡಿ. ಅಂದರೆ ನಮ್ಮ ಹಳಿಯ ಮೇಲೆಯೇ. ಬೀರೂರು ದಾಟಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಎದ್ದು ಬಾಗಿಲ ಹತ್ತಿರ ನಿಂತೆ. ರಾತ್ರಿ ಒಂದರ ಮೇಲೆ ಶಿವನಿ ಬಂತು. ಗಾಡಿ ನಿಲ್ಲೋದಿಲ್ಲ ಅಲ್ಲಿ. ಎರಡು ಲೈಟು, ಹಳದಿ ಬೋರ್ಡು, ಕಲ್ಲುಬೆಂಚು, ಅಷ್ಟೇ, ಹೋಯ್ತು. ಇಷ್ಟು ವರ್ಷ ಆ ಬೆಂಚಿನ ಕೆಳಗೆ ಮಲಗಿ ನಿಲ್ಲದ ಗಾಡಿಗಳನ್ನು ನೋಡಿದವಳು ಈಗ ನಿಲ್ಲದ ಗಾಡಿಯ ಒಳಗೆ ಇದ್ದಳು. ಅವಳಿಗೆ ವಾಸನೆ ಗೊತ್ತಾಯ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬೆಳಿಗ್ಗೆ ಗಾರ್ಡನ್ನು ಕೇಳಿದೆ. ‘ಸುಮ್ನೆ ಮಲಗಿತ್ತು’ ಅಂದ್ರು.

ಬೆಳಗಿನ ಜಾವ ಹುಬ್ಬಳ್ಳಿ. ನೀರು ಕುಡಿಸೋಕೆ ಓಡಿದೆ. ಪೆಟ್ಟಿಗೆ ಬಾಗಿಲು ತೆಗೆದು ಬೆಲ್ಟ್ ಹಿಡಿದು ಪ್ಲಾಟ್‌ಫಾರಂಗೆ ಇಳಿಸಿದೆ. ಟ್ರಾಲಿಯೊಂದು ಧಡ್ ಅಂತು. ಕೆಂಚಿ ಹಿಂದಕ್ಕೆ ಜಗ್ಗಿದಳು, ಕತ್ತು ಸಣ್ಣ ಮಾಡಿದಳು, ಬೆಲ್ಟ್ ನನ್ನ ಕೈಯಲ್ಲಿ ಉಳಿಯಿತು. ಕುಂಟುಕಾಲಿನಿಂದಾಗಿಯೇ ಉಳಿದುಕೊಂಡಳು. ಹತ್ತು ಹೆಜ್ಜೆ ಓಡಿದವಳನ್ನು ಒಬ್ಬ ಪೋರ್ಟರ್ ತನ್ನ ಕೆಂಪು ವಸ್ತ್ರ ಬೀಸಿ ಗೋಡೆಗೆ ಒತ್ತಿ ಹಿಡಿದ. ನಾನು ನಡುಗುತ್ತಾ ನಿಂತಿದ್ದೆ. 1872ರ ಗ್ರೇಹೌಂಡ್ ನೆನಪಾಯ್ತು. ತಪ್ಪು ಪೂರ್ತಿ ನನ್ನದು. ಕೊರಳಪಟ್ಟಿ ಒಂದನ್ನೇ ನಂಬಿದ್ದೆ. ನಾಯಿ ಕಳಿಸೋರು ಯಾರಾದರೂ ಇದನ್ನು ಓದ್ತಿದ್ದರೆ, ಎದೆಗೆ ಕಟ್ಟೋ ಹಾರ್ನೆಸ್ ಒಂದು, ಕೊರಳಿಗೆ ಪಟ್ಟಿ ಒಂದು, ಎರಡಕ್ಕೂ ಬೇರೆ ಬೇರೆ ಬಾರು ಕಟ್ಟಿ. ಪಟ್ಟಿಯ ಮೇಲೆ ಫೋನ್ ನಂಬರ್ ಬರೆಯಿರಿ. ಇದನ್ನು ಮಾತ್ರ ಮರೀಬೇಡಿ.

ಮೀರಜಿನಲ್ಲಿ ಮತ್ತೆ ನೀರು, ಸ್ವಲ್ಪ ಅನ್ನ. ಅಲ್ಲಿಂದ ಪುಣೆಗೆ ಹೋಗೋ ದಾರಿಯಲ್ಲೇ ಜೆಜುರಿ ಸಿಗುತ್ತೆ, ಖಂಡೋಬನ ಜೆಜುರಿ. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ. ಅವನ ಜೊತೆ ನಾಯಿ ಇರುತ್ತೆ. ನಮ್ಮ ಗೊರವಯ್ಯಗಳು ದೋಣಿ ಸೇವೆಯಲ್ಲಿ ನಾಯಿ ಹಾಗೆ ಬೊಗಳ್ತಾ ಉಣ್ಣೋದನ್ನು ಚಿಕ್ಕಂದಿನಲ್ಲಿ ನೋಡಿ ನಕ್ಕಿದ್ದೇವೆ. ದೇವರ ನಾಯಿ ಆಗೋದು ಭಕ್ತಿ ಅಂತ ಆಗ ತಿಳಿದಿರಲಿಲ್ಲ.

ಗೊರವ ಅಂದಾಗ ಒಂದು ಕಲ್ಲು ನೆನಪಾಗುತ್ತೆ. ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ, ಆತಕೂರಿನ ಶಾಸನ. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನದ್ದು, ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಬಿದ್ದ ಮೇಲೆ, ಮಣಲೇರ ಅನ್ನೋ ವೀರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಒಂದು ನಾಯಿ. ಹೆಸರು ಕಾಳಿ. ಆ ಕಾಳಿ ಮುಂದೆ ಬೆಳತೂರಿನ ಬೆಟ್ಟದಲ್ಲಿ ದೊಡ್ಡ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೇರ ಚಲ್ಲೇಶ್ವರ ದೇವಾಲಯದ ಎದುರು ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಆ ಭೂಮಿ ನೋಡಿಕೊಳ್ಳೋ ಗೊರವ, ಅಂದರೆ ಆಗಿನ ಶೈವ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟಲಿ ಅಂತ ಬರೆಸಿದ.

ಒಂದು ನಾಯಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದದ್ದನ್ನು ಆ ಕಲ್ಲು ಬರೆದಿಟ್ಟ ರೀತಿ ನೋಡಿ. ನಾಯಿಯ ಹೆಸರಿದೆ, ಪಡೆದವನ ಹೆಸರಿದೆ, ಸತ್ತ ಜಾಗ ಇದೆ. ತೂಕ ಇಲ್ಲ, ಬೆಲೆ ಇಲ್ಲ. ಬೇಟೆನಾಯಿಗೆ, ವೀರನ ನಾಯಿಗೆ ಸಿಕ್ಕ ಗೌರವ ಅದು, ಬೀದಿನಾಯಿಗೆ ಅಂದೂ ಸಿಕ್ಕಿರಲಿಕ್ಕಿಲ್ಲ, ಒಪ್ತೀನಿ. ಆದರೆ ರೈಲ್ವೆ ಕಾಯ್ದೆ ಬಂದಾಗ ಎಲ್ಲ ನಾಯಿಗಳೂ ಒಂದೇ ಸಾಲಿಗೆ ಬಂದವು, ತಲಾ 10 ರೂಪಾಯಿ.

ಸಂಜೆ ಪುಣೆ. ಗೆಳೆಯ, ಅವನ ಹೆಂಡತಿ, ಏಳು ವರ್ಷದ ಮಗಳು ಬಂದಿದ್ರು. ಮಗು ಒಂದು ಚಪಾತಿ ಹಿಡಿದಿತ್ತು. ಕೆಂಚಿ ಮೊದಲು ತಿನ್ನಲಿಲ್ಲ, ನನ್ನ ಕಾಲ ಹಿಂದೆ ನಿಂತಳು, ಆಮೇಲೆ ತಿಂದಳು. ದತ್ತು ಪತ್ರವನ್ನು ನಾನೇ ಟೈಪ್ ಮಾಡಿ ತಂದಿದ್ದೆ. ಹೆಸರು: ಕೆಂಚಿ. ಊರು: ಶಿವನಿ, ಅಜ್ಜಂಪುರ ತಾಲೂಕು. ಬಣ್ಣ: ಕಂದು, ಎದೆ ಬಿಳಿ. ಗುರುತು: ಎಡ ಹಿಂಗಾಲು ಕುಂಟು. ಅವನು ಸಹಿ ಹಾಕಿದ, ನಾನೂ ಹಾಕಿದೆ.

ಅಷ್ಟರಲ್ಲಿ ಅಮ್ಮನ ಫೋನು. ‘ನೀರು ಕುಡಿದ್ಲಾ?’ ಕುಡಿದಳು ಅಂದೆ. ‘ರಾತ್ರಿ ನಮ್ಮೂರ ಮೇಲೇ ಬಂತಂತಲ್ಲ ಗಾಡಿ, ಹೇಳಿದ್ರೆ ಸ್ಟೇಷನ್ ಹತ್ರ ನಿಂತಿರ್ತಿದ್ದೆ’ ಅಂದಳು. ನಿಲ್ಲೋದಿಲ್ಲಮ್ಮ ಅಲ್ಲಿ ಅಂದೆ. ‘ಗೊತ್ತು ಬಿಡು’ ಅಂದಳು.