ಚಿತ್ರದುರ್ಗ ಜಿಲ್ಲೆಯಲ್ಲಿ ಕಿರು ಅನುದಾನದ ಊರ ಕೆಲಸಗಳು: ಹಣದ ಮೂಲ, ಊರಿನ ಹೊಣೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ಬಯಲುಸೀಮೆಯ ತಾಲ್ಲೂಕುಗಳು. ಇಲ್ಲಿ ಮಳೆ ಕಡಿಮೆ. ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಹಿರಿಯೂರಿನ ಸಮೀಪ ವೇದಾವತಿ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ (ಮಾರಿಕಣಿವೆ) 1907ರಲ್ಲಿ ಪೂರ್ಣಗೊಂಡಿತು. ಆದರೆ 1933ರಲ್ಲಿ ಕೋಡಿ ಬಿದ್ದ ಈ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷಗಳ ನಂತರ. ದೊಡ್ಡ ಜಲಾಶಯದ ಕಾಲುವೆ ತಲುಪದ ಊರುಗಳಿಗೆ ಊರ ಕೆರೆ, ಹಾಲಿನ ಡೇರಿ, ಶಾಲೆ, ಸ್ವಸಹಾಯ ಸಂಘಗಳೇ ಆಧಾರ. ಇವುಗಳ ಅಗತ್ಯ ಅನೇಕ ಬಾರಿ ಕೋಟಿಗಳದಲ್ಲ, ಕೆಲವು ಸಾವಿರ ಅಥವಾ ಕೆಲವು ಲಕ್ಷ ರೂಪಾಯಿಗಳದು. ಅಂಥ ಕೆಲಸಗಳಿಗೆ ಈ ಭಾಗದಲ್ಲಿ ಹಣ ಹೇಗೆ ಬಂದಿದೆ, ಯಾವ ನಿಯಮದಿಂದ ಅದು ಉಳಿಯುತ್ತದೆ ಎಂಬುದರ ವಿವರ ಇಲ್ಲಿದೆ.

ಉಳಿತಾಯಕ್ಕೆ ಜೊತೆಯಾದ ಅನುದಾನ

1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ಕೆಲಸ ಮಾಡಿದ ತಾಲ್ಲೂಕುಗಳಲ್ಲಿ ಹೊಳಲ್ಕೆರೆಯೂ ಒಂದು. 1980ರ ದಶಕದ ಮಧ್ಯದಲ್ಲಿ, ಈ ಸಂಸ್ಥೆಯ ಕಾರ್ಯಕ್ಷೇತ್ರಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಪರಸ್ಪರ ನಂಬಿಕೆಯಿದ್ದ ಸದಸ್ಯರು ಸಣ್ಣ ಗುಂಪುಗಳಾದರು. ಈ ಗುಂಪುಗಳು ಉಳಿಸಿದ ಹಣಕ್ಕೆ ಜೊತೆಯಾಗಿ ನೀಡಲು ಮತ್ತು ಸದಸ್ಯರ ತರಬೇತಿಗೆ 1987ರಲ್ಲಿ ನಬಾರ್ಡ್ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಆ ಅನುಭವದ ಮೇಲೆ 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಆರಂಭವಾಯಿತು. ಇಂದು ದೇಶದ ಹಳ್ಳಿಹಳ್ಳಿಯಲ್ಲಿರುವ ಸ್ವಸಹಾಯ ಸಂಘಗಳ ಬ್ಯಾಂಕ್ ಸಾಲ ವ್ಯವಸ್ಥೆಯ ಬೇರು ಇಲ್ಲಿದೆ. ಗಮನಿಸಬೇಕಾದ ಅಂಶವೆಂದರೆ, ಅನುದಾನ ಬರುವ ಮೊದಲೇ ಗುಂಪಿನ ಬಳಿ ತನ್ನದೇ ಉಳಿತಾಯ ಇತ್ತು.

ಕೆರೆಗಳಿಗೆ ಬಂದ ನೆರವು

ವಿಶ್ವಬ್ಯಾಂಕ್ ನೆರವಿನ ಸುಜಲ ಜಲಾನಯನ ಯೋಜನೆಯ ಮೊದಲ ಹಂತಕ್ಕೆ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಇತ್ತು. 2002ರಲ್ಲಿ ಆರಂಭವಾದ ಸಮುದಾಯ ಆಧಾರಿತ ಕೆರೆ ಯೋಜನೆಯೂ (ಜಲ ಸಂವರ್ಧನೆ ಯೋಜನಾ ಸಂಘ) ಈ ಜಿಲ್ಲೆಗೆ ಬಂತು. ಅದರಲ್ಲಿ ಊರಿನವರು ಕೆರೆ ಬಳಕೆದಾರರ ಸಂಘ ಮಾಡಿಕೊಂಡು, ವಂತಿಗೆ ಸೇರಿಸಿ, ನಂತರದ ನಿರ್ವಹಣೆಯನ್ನೂ ಹೊರಬೇಕಿತ್ತು.

ಶ್ರೀ ಕ್ಷೇತ್ರ ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 1982ರಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಆರಂಭಿಸಿದ ಗ್ರಾಮಾಭಿವೃದ್ಧಿ ಯೋಜನೆ ಈಗ ಚಿತ್ರದುರ್ಗವೂ ಸೇರಿ ರಾಜ್ಯದಾದ್ಯಂತ ಹರಡಿದೆ. 2016ರಿಂದ ನಡೆಯುತ್ತಿರುವ ಅದರ 'ನಮ್ಮೂರು ನಮ್ಮ ಕೆರೆ' ಕಾರ್ಯಕ್ರಮದಲ್ಲಿ ಮೊದಲು ಊರಿನಲ್ಲಿ ಕೆರೆ ಸಮಿತಿ ರಚನೆಯಾಗುತ್ತದೆ. ಹೂಳೆತ್ತುವ ಯಂತ್ರದ ವೆಚ್ಚವನ್ನು ಯೋಜನೆ ಭರಿಸುತ್ತದೆ. ಫಲವತ್ತಾದ ಹೂಳನ್ನು ರೈತರು ಟ್ರ್ಯಾಕ್ಟರ್‌ಗಳಲ್ಲಿ ತಮ್ಮ ಹೊಲ, ತೋಟಗಳಿಗೆ ಸಾಗಿಸಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಕೆರೆ ಊರಿಗೇ ಹಸ್ತಾಂತರವಾಗುತ್ತದೆ. ಇದೇ ಯೋಜನೆ ಹಾಲು ಉತ್ಪಾದಕರ ಸಂಘದ ಕಟ್ಟಡ, ಶಾಲೆಗೆ ಬೆಂಚು-ಡೆಸ್ಕು, ಸ್ಮಶಾನದ ಸುಧಾರಣೆ, ದೇಗುಲಗಳ ಜೀರ್ಣೋದ್ಧಾರದಂಥ ಕೆಲಸಗಳಿಗೆ ಕಿರು ಅನುದಾನ ನೀಡುತ್ತದೆ.

ಬಸದಿ ಜೀರ್ಣೋದ್ಧಾರದ ಪಾಲು ಲೆಕ್ಕ

ಪ್ರಾಚೀನ ದೇವಾಲಯ, ಬಸದಿಗಳ ಸಂರಕ್ಷಣೆಗೆ 1991ರಲ್ಲಿ ಸ್ಥಾಪನೆಯಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಅನುಸರಿಸುವ ಕ್ರಮ ಸರಳವಾಗಿದೆ: ರಾಜ್ಯ ಸರ್ಕಾರದ ಪಾಲು ಶೇ. 40, ಟ್ರಸ್ಟಿನದು ಶೇ. 40, ಸ್ಥಳೀಯರದು ಶೇ. 20. 10 ಲಕ್ಷ ರೂಪಾಯಿಯ ಕೆಲಸವಾದರೆ ಊರು 2 ಲಕ್ಷ ಕೂಡಿಸಬೇಕು. ಬೆರಳೆಣಿಕೆಯ ಶ್ರಾವಕ ಕುಟುಂಬಗಳಿರುವ ಊರಿನಲ್ಲಿ ಈ 2 ಲಕ್ಷವೇ ಭಾರ. ಅಂಥಲ್ಲಿ ಊರಿನ ಎಲ್ಲ ಸಮುದಾಯದವರೂ ಕೈಜೋಡಿಸಿದರೆ ಮಾತ್ರ ಕೆಲಸ ಸಾಗುತ್ತದೆ. ಮುಂದೆ ಬಸದಿಯ ಕಾವಲಿಗೂ ಅವರೇ ನೆರವಾಗುತ್ತಾರೆ.

ಜೈನ ಸಮುದಾಯಕ್ಕೆ 2014ರ ಜನವರಿಯಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತ ಸ್ಥಾನ ದೊರೆತಿದ್ದರಿಂದ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿಯೂ ಲಭ್ಯ ಯೋಜನೆಗಳನ್ನು ವಿಚಾರಿಸಬಹುದು.

ಅರ್ಜಿಗೆ ಮುನ್ನ ಸಿದ್ಧವಿರಬೇಕಾದವು

1. ಸಮಿತಿ ಸಭೆಯ ಠರಾವು. ಯಾವ ಕೆಲಸ, ಯಾರಿಗೆ ಉಪಯೋಗ ಎಂಬುದು ಅದರಲ್ಲಿ ಸ್ಪಷ್ಟವಿರಲಿ.
2. ಜಾಗದ ಪಹಣಿ ಅಥವಾ ಖಾತೆ. ಕೆರೆ, ಶಾಲೆ, ಸ್ಮಶಾನವಾದರೆ ಗ್ರಾಮ ಪಂಚಾಯಿತಿ ಅಥವಾ ಸಂಬಂಧಿಸಿದ ಇಲಾಖೆಯ ಒಪ್ಪಿಗೆ.
3. ಇಂಜಿನಿಯರ್ ಸಿದ್ಧಪಡಿಸಿದ ಅಂದಾಜು ಪಟ್ಟಿ ಮತ್ತು ಈಗಿನ ಸ್ಥಿತಿಯ ಫೋಟೋಗಳು.
4. ಸಮಿತಿಯ ಹೆಸರಿನಲ್ಲಿ, ಕನಿಷ್ಠ ಇಬ್ಬರ ಜಂಟಿ ಸಹಿಯ ಬ್ಯಾಂಕ್ ಖಾತೆ.
5. ಊರಿನ ಪಾಲಿನ ವಿವರ: ನಗದು, ಶ್ರಮದಾನ, ಸಾಮಗ್ರಿ ಬೇರೆಬೇರೆಯಾಗಿ.
6. ಕೆಲಸ ಮುಗಿದ ಮೇಲಿನ ನಿರ್ವಹಣೆ ಯಾರದು, ವರ್ಷಕ್ಕೆ ಖರ್ಚೆಷ್ಟು ಎಂಬ ಬರಹ.

ಖರ್ಚಿನ ರಸೀದಿಗಳನ್ನು ಮೊದಲ ದಿನದಿಂದಲೇ ಜೋಡಿಸಿಡಬೇಕು. ಹಣ ಬಳಕೆ ಪ್ರಮಾಣಪತ್ರ ಕೊಡದ ಸಮಿತಿಗೆ ಮುಂದಿನ ಕಂತು ಸಿಗುವುದು ಕಷ್ಟ. ಲೆಕ್ಕವನ್ನು ಊರ ಸಭೆಯಲ್ಲಿ ಓದಿ ಹೇಳುವ ರೂಢಿ ಒಳ್ಳೆಯದು; ಅನುಮಾನಕ್ಕೆ ಎಡೆಯಿರುವುದಿಲ್ಲ, ಮುಂದಿನ ಬಾರಿ ವಂತಿಗೆ ಕೇಳಲು ಮುಖವಿರುತ್ತದೆ.

ಮೇಲಿನ ಪಟ್ಟಿಯಲ್ಲಿ ಆರನೆಯದೇ ಹೆಚ್ಚಾಗಿ ಬಿಟ್ಟುಹೋಗುವುದು. ಹೂಳೆತ್ತಿದ ಕೆರೆಯ ಏರಿಯ ಮೇಲೆ ಜಾಲಿ ಬೆಳೆದರೆ, ತೂಬು ಕಟ್ಟಿಕೊಂಡರೆ, ದುರಸ್ತಿಯಾದ ಬಸದಿಯ ಛಾವಣಿಯಲ್ಲಿ ಆಲದ ಸಸಿ ಬೇರುಬಿಟ್ಟರೆ, ಕೊಟ್ಟ ಹಣವೆಲ್ಲ ಕೆಲವೇ ಮಳೆಗಾಲಗಳಲ್ಲಿ ವ್ಯರ್ಥ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನದ ಪರಂಪರೆಯುಳ್ಳ ಕುಟುಂಬಗಳು ಹುಟ್ಟೂರಿನ ಕೆಲಸಕ್ಕೆ ನೆರವಾಗುವಾಗ, ಕಟ್ಟುವ ಖರ್ಚಿನ ಜೊತೆಗೆ ಕಾಪಾಡುವ ಖರ್ಚಿಗೂ ಒಂದು ಸಣ್ಣ ನಿಧಿ ಇಡುವುದು ಸೂಕ್ತ. ಸಮಿತಿಯ ಹೆಸರಿನ ಠೇವಣಿಯ ಬಡ್ಡಿಯಿಂದ ಪ್ರತಿ ವರ್ಷ ಏರಿ, ತೂಬು, ಛಾವಣಿ ಸ್ವಚ್ಛವಾದರೂ ಅದು ದೊಡ್ಡ ಕೆಲಸವೇ.