ಸಸ್ಯ ಬೆಳೆಸುವ ಎಲ್‌ಇಡಿ ದೀಪ

ಸಸ್ಯ ಬೆಳೆಸುವ ಎಲ್‌ಇಡಿ ದೀಪವು ಸೂರ್ಯನ ಬೆಳಕು ಸಾಲದ ಒಳಾಂಗಣಗಳಲ್ಲಿ ಗಿಡಗಳ ಬೆಳವಣಿಗೆಗೆ ಬೇಕಾದ ಬೆಳಕನ್ನು ಒದಗಿಸುವ ಕೃತಕ ದೀಪವಾಗಿದೆ. ಮಾರುಕಟ್ಟೆಯಲ್ಲಿ ಇದಕ್ಕೆ ‘ಗ್ರೋ ಲೈಟ್’ ಎಂಬ ಹೆಸರು ರೂಢಿಯಲ್ಲಿದೆ. ಮನೆಯೊಳಗಿನ ಕುಂಡಗಳು, ಅಂಗಾಂಶ ಕೃಷಿಯ ಪ್ರಯೋಗಾಲಯಗಳು ಹಾಗೂ ಮಣ್ಣಿಲ್ಲದೆ ಸೊಪ್ಪು ಬೆಳೆಯುವ ಘಟಕಗಳಲ್ಲಿ ಇದು ಬಳಕೆಯಲ್ಲಿದೆ. ಇದನ್ನು ಸಿದ್ಧರೂಪದಲ್ಲಿ ಕೊಳ್ಳಬಹುದು. ಬಿಡಿಭಾಗಗಳನ್ನು ಜೋಡಿಸಿ ತಯಾರಿಸಿಕೊಳ್ಳಲೂಬಹುದು. ಎರಡೂ ಸಂದರ್ಭಗಳಲ್ಲಿ ದೀಪದ ಯೋಗ್ಯತೆಯನ್ನು ನಿರ್ಧರಿಸುವುದು ಎಲೆಯ ಮೇಲೆ ಬೀಳುವ ಉಪಯುಕ್ತ ಬೆಳಕಿನ ಪ್ರಮಾಣವೇ ಹೊರತು ಕಣ್ಣಿಗೆ ಕಾಣುವ ಪ್ರಖರತೆಯಲ್ಲ.

ಇತಿಹಾಸ

ಕಣ್ಣಿಗೆ ಕಾಣುವ ಕೆಂಪು ಬೆಳಕನ್ನು ಸೂಸುವ ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲಿ ರೂಪಿಸಿದರು. ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧವಾದದ್ದು 1990ರ ದಶಕದ ಆರಂಭದಲ್ಲಿ, ಜಪಾನಿನಲ್ಲಿ. ಈ ಸಾಧನೆಗಾಗಿ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಾಕಾಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ನೀಡುವ ಫಾಸ್ಫರ್ ಲೇಪಿಸುವುದರಿಂದ ಬಿಳಿ ಎಲ್‌ಇಡಿ ದೊರೆಯಿತು.

ಬಾಹ್ಯಾಕಾಶದಲ್ಲಿ ಗಿಡ ಬೆಳೆಸುವ ಪ್ರಯತ್ನಗಳು ಈ ತಂತ್ರಜ್ಞಾನಕ್ಕೆ ಒತ್ತಾಸೆಯಾದವು. ನಾಸಾದ ‘ವೆಜ್ಜಿ’ ಎಂಬ ಸಸ್ಯಘಟಕವು 2014ರಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ತಲುಪಿತು. 2015ರ ಆಗಸ್ಟ್‌ನಲ್ಲಿ ಗಗನಯಾತ್ರಿಗಳು ಅದರ ಎಲ್‌ಇಡಿ ಬೆಳಕಿನಲ್ಲಿ ಬೆಳೆದ ಕೆಂಪು ಲೆಟಿಸ್ ಸೊಪ್ಪನ್ನು ತಿಂದರು.

ಬೆಳಕು ಮತ್ತು ಸಸ್ಯ

ದ್ಯುತಿಸಂಶ್ಲೇಷಣೆಗೆ ಮುಖ್ಯವಾಗಿ ಒದಗುವುದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ಪತ್ರಹರಿತ್ತು ನೀಲಿ ಮತ್ತು ಕೆಂಪು ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಆದ್ದರಿಂದ ಈ ಎರಡು ಬಣ್ಣಗಳು ಮಾತ್ರ ಸಾಕು, ಹಸಿರು ಬೆಳಕು ಗಿಡಕ್ಕೆ ನಿರುಪಯುಕ್ತ ಎಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಇದು ಸರಿಯಲ್ಲ. ಕೆ. ಜೆ. ಮೆಕ್ರೀ 22 ಬಗೆಯ ಬೆಳೆಗಳನ್ನು ಪರೀಕ್ಷಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನವು, ಎಲೆಗಳು ಹಸಿರು ಬೆಳಕನ್ನೂ ಗಣನೀಯವಾಗಿ ಬಳಸಿಕೊಳ್ಳುತ್ತವೆ ಎಂದು ತೋರಿಸಿತು. ಹಸಿರು ಬೆಳಕು ಎಲೆಯ ಒಳಪದರಗಳಿಗೂ ಕೆಳಗಿನ ಎಲೆಗಳಿಗೂ ಹೆಚ್ಚು ಇಳಿಯಬಲ್ಲದು.

ನೀಲಿ ಬೆಳಕು ಗಿಡವನ್ನು ಗಿಡ್ಡವಾಗಿ, ಗಟ್ಟಿಯಾಗಿ ಇರಿಸಿದರೆ, 700 ನ್ಯಾನೋಮೀಟರಿಗಿಂತ ಆಚಿನ ಅತಿಗೆಂಪು ಬೆಳಕು ಕಾಂಡವನ್ನು ನೀಳವಾಗಿಸುತ್ತದೆ. ಬಿಳಿ ಎಲ್‌ಇಡಿಯಲ್ಲಿ ಎಲ್ಲ ಬಣ್ಣಗಳ ಅಂಶವೂ ಇರುವುದರಿಂದ ಮನೆಬಳಕೆಗೆ ಅದು ಸಾಕಾಗುತ್ತದೆ. ಕೆಂಪು–ನೀಲಿ ಮಾತ್ರ ಇರುವ ನೇರಳೆ ಬೆಳಕಿನಲ್ಲಿ ಎಲೆ ಹಳದಿಯಾಗುವುದು, ರೋಗದ ಚುಕ್ಕೆಗಳು ಮೂಡುವುದು ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ ಎಂಬ ಅನಾನುಕೂಲವೂ ಉಂಟು.

ಅಳತೆಯ ಮಾನಗಳು

ಬಲ್ಬುಗಳ ಪೊಟ್ಟಣದ ಮೇಲೆ ಕಾಣುವ ‘ಲ್ಯೂಮೆನ್’ ಮನುಷ್ಯನ ಕಣ್ಣಿನ ಸಂವೇದನೆಯನ್ನು ಆಧರಿಸಿದ ಮಾನ. ಕಣ್ಣು 555 ನ್ಯಾನೋಮೀಟರಿನ ಹಳದಿ-ಹಸಿರು ಬೆಳಕಿಗೆ ಅತಿ ಹೆಚ್ಚಾಗಿ ಸ್ಪಂದಿಸುತ್ತದೆ. ಕಡುಕೆಂಪು, ಕಡುನೀಲಿ ಬಣ್ಣಗಳನ್ನು ಮಂದವಾಗಿ ಕಾಣುತ್ತದೆ. ಹೀಗಾಗಿ ಗಿಡಗಳಿಗೆ ದೊರೆಯುವ ಬೆಳಕನ್ನು ಫೋಟಾನುಗಳ, ಅಂದರೆ ಬೆಳಕಿನ ಕಣಗಳ, ಎಣಿಕೆಯಿಂದ ಅಳೆಯಲಾಗುತ್ತದೆ. ಇದರಲ್ಲಿ ಮೂರು ಅಳತೆಗಳು ಮುಖ್ಯ.

ದಕ್ಷತೆ: ಒಂದು ಜೂಲ್ ವಿದ್ಯುತ್ತಿಗೆ ದೀಪವು ಎಷ್ಟು ಮೈಕ್ರೋಮೋಲ್ ಫೋಟಾನುಗಳನ್ನು ಹೊಮ್ಮಿಸುತ್ತದೆ ಎಂಬುದು. ಉತ್ತಮ ಎಲ್‌ಇಡಿ ದೀಪಗಳಲ್ಲಿ ಇದು 2.5 ಅಥವಾ ಅದಕ್ಕಿಂತ ಹೆಚ್ಚು.

ಬೆಳಕಿನ ಸಾಂದ್ರತೆ: ಒಂದು ಚದರ ಮೀಟರ್ ಜಾಗದ ಮೇಲೆ ಪ್ರತಿ ಸೆಕೆಂಡಿಗೆ ಬೀಳುವ ಮೈಕ್ರೋಮೋಲ್‌ಗಳ ಸಂಖ್ಯೆ. ನಡುಹಗಲಿನ ನೇರ ಬಿಸಿಲಿನಲ್ಲಿ ಇದು ಸುಮಾರು 2000ದವರೆಗೆ ಇರುತ್ತದೆ.

ದಿನದ ಒಟ್ಟು ಬೆಳಕು: ದಿನವಿಡೀ ಒಂದು ಚದರ ಮೀಟರಿಗೆ ದೊರೆತ ಬೆಳಕು, ಮೋಲ್‌ಗಳಲ್ಲಿ. ಲೆಟಿಸ್‌ನಂತಹ ಸೊಪ್ಪಿಗೆ 12ರಿಂದ 17 ಮೋಲ್ ಬೇಕು. ಟೊಮೇಟೊದಂತಹ ಕಾಯಿ ಬಿಡುವ ಗಿಡಕ್ಕೆ 20ಕ್ಕಿಂತ ಹೆಚ್ಚು. ಅಲಂಕಾರಿಕ ಎಲೆಗಿಡಗಳಿಗೆ ಇವೆರಡಕ್ಕಿಂತ ಕಡಿಮೆ ಸಾಕು.

ಲೆಕ್ಕಾಚಾರದ ಉದಾಹರಣೆ

60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಕಪಾಟಿನ ವಿಸ್ತೀರ್ಣ 0.36 ಚದರ ಮೀಟರ್. ಪ್ರತಿ ಜೂಲಿಗೆ 2.5 ಮೈಕ್ರೋಮೋಲ್ ದಕ್ಷತೆಯ 50 ವ್ಯಾಟ್ ದೀಪವು ಸೆಕೆಂಡಿಗೆ 125 ಮೈಕ್ರೋಮೋಲ್ ಹೊಮ್ಮಿಸುತ್ತದೆ. ಅದರಲ್ಲಿ ಶೇ. 70ರಷ್ಟು ಎಲೆಗಳನ್ನು ತಲುಪಿತೆಂದರೆ ಸಾಂದ್ರತೆ ಸುಮಾರು 243. ದಿನಕ್ಕೆ 14 ಗಂಟೆ ಉರಿಸಿದರೆ ಸುಮಾರು 12.2 ಮೋಲ್ ದೊರೆಯುತ್ತದೆ. ಇದು ಲೆಟಿಸ್‌ಗೆ ಸಾಕಾಗುವ ಕನಿಷ್ಠ ಪ್ರಮಾಣ. ದಿನವೊಂದಕ್ಕೆ 0.7 ಯೂನಿಟ್‌ನಂತೆ 30 ದಿನಗಳಿಗೆ 21 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

ಕೆಲವು ದೀಪಗಳ ಮೇಲೆ ‘1000 ವ್ಯಾಟ್’ ಎಂದು ದೊಡ್ಡದಾಗಿ ಮುದ್ರಿಸಿರುತ್ತಾರೆ. ಬಿಡಿ ಎಲ್‌ಇಡಿಗಳ ಗರಿಷ್ಠ ಸಾಮರ್ಥ್ಯವನ್ನು ಕೂಡಿಸಿ, ಇಲ್ಲವೆ ಹಳೆಯ ಬಗೆಯ ದೀಪಕ್ಕೆ ಹೋಲಿಸಿ ಬರೆದ ಅಂಕಿ ಅದು. ದೀಪವು ನಿಜವಾಗಿ ಎಳೆಯುವ ವಿದ್ಯುತ್ತು ಅದರ ಹತ್ತನೆಯ ಒಂದು ಭಾಗವಷ್ಟೇ ಇರಬಹುದು. ಆದ್ದರಿಂದ ಕೊಳ್ಳುವವರು ನಿಜವಾದ ವ್ಯಾಟ್ ಬಳಕೆ, ದಕ್ಷತೆ ಹಾಗೂ ಬೆಳಕಿನ ಸಾಂದ್ರತೆಯ ನಕ್ಷೆಯನ್ನು ವಿಚಾರಿಸಬೇಕು. ನಕ್ಷೆಯಲ್ಲಿ ದೀಪದ ಎತ್ತರವನ್ನು ನಮೂದಿಸಿರಬೇಕು. ದೀಪದ ಕೆಳಗೆ ನಡುವಿನ ಒಂದು ಬಿಂದುವಿನ ಅಳತೆಯನ್ನು ಮಾತ್ರ ಕೊಟ್ಟಿದ್ದರೆ ಅಂಚಿನ ಗಿಡಗಳ ಸ್ಥಿತಿ ತಿಳಿಯುವುದಿಲ್ಲ. ಭಾರತದಲ್ಲಿ ಎಲ್‌ಇಡಿ ಡ್ರೈವರ್‌ಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟಿವೆ. ನೋಂದಣಿಯ ಗುರುತನ್ನು ಪರಿಶೀಲಿಸುವುದು ಸೂಕ್ತ.

ಒಂದೆರಡು ಕುಂಡಗಳಿಗೆ ವಿಶೇಷ ದೀಪದ ಅಗತ್ಯವಿಲ್ಲ. ಮನೆಯ ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬನ್ನು ಗಿಡಕ್ಕೆ ಸಮೀಪದಲ್ಲಿ ತೂಗುಹಾಕಿದರೂ ಸಸಿಗಳು ಬೆಳೆಯುತ್ತವೆ.

ಸ್ವತಃ ಜೋಡಿಸುವ ವಿಧಾನ

ಇದಕ್ಕೆ ಬೇಕಾದ ಮುಖ್ಯ ಭಾಗಗಳು ನಾಲ್ಕು: ಎಲ್‌ಇಡಿ ಪಟ್ಟಿ, ಡ್ರೈವರ್, ಶಾಖವನ್ನು ಹೊರಹಾಕುವ ಅಲ್ಯೂಮಿನಿಯಂ ಹೀಟ್ ಸಿಂಕ್ ಮತ್ತು ಟೈಮರ್.

ಎಲ್‌ಇಡಿ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜನ್ನು ಮಾತ್ರ ಸ್ಥಿರವಾಗಿರಿಸಿದರೆ ಅದರಲ್ಲಿ ಹರಿಯುವ ವಿದ್ಯುತ್ತು ಏರುತ್ತಾ ಹೋಗಿ ಎಲ್‌ಇಡಿ ಸುಟ್ಟುಹೋಗಬಹುದು. ಆದಕಾರಣ ಹೆಚ್ಚು ಸಾಮರ್ಥ್ಯದ ಎಲ್‌ಇಡಿಗಳಿಗೆ ಸ್ಥಿರ ಕರೆಂಟ್ ನೀಡುವ ಡ್ರೈವರ್ ಬಳಸಬೇಕು. ಸುಮಾರು 3 ವೋಲ್ಟಿನ 12 ಬಿಳಿ ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿದರೆ 36 ವೋಲ್ಟ್ ಬೇಕಾಗುತ್ತದೆ. 0.7 ಆಂಪಿಯರ್ ಹರಿಸಿದಾಗ ಅವು ಸುಮಾರು 25 ವ್ಯಾಟ್ ಬಳಸುತ್ತವೆ. 36 ವೋಲ್ಟ್ ತನ್ನ ವ್ಯಾಪ್ತಿಯೊಳಗೆ ಬರುವ, 0.7 ಆಂಪಿಯರ್‌ನ ಡ್ರೈವರ್ ಇದಕ್ಕೆ ಹೊಂದುತ್ತದೆ.

ಪಟ್ಟಿಯನ್ನು ಹೀಟ್ ಸಿಂಕಿಗೆ ಶಾಖ ಸಾಗಿಸುವ ಲೇಪನ ಹಚ್ಚಿ ಬಿಗಿಯಾಗಿ ಕೂರಿಸಬೇಕು. ಅತಿಯಾಗಿ ಬಿಸಿಯಾದ ಎಲ್‌ಇಡಿಯ ಬೆಳಕು ಮಂದವಾಗುತ್ತದೆ, ಬಾಳಿಕೆಯೂ ಕುಗ್ಗುತ್ತದೆ.

ಸುರಕ್ಷತೆ

ನೀರು ಹಾಕುವ ಜಾಗದಲ್ಲಿ 230 ವೋಲ್ಟಿನ ಸಂಪರ್ಕ ಇರುವುದೇ ಈ ದೀಪದ ದೊಡ್ಡ ಅಪಾಯ. ಹೀಟ್ ಸಿಂಕ್ ಮುಂತಾದ ಲೋಹದ ಭಾಗಗಳಿಗೆ ಅರ್ಥ್ ತಂತಿ ಜೋಡಿಸಿರಬೇಕು. ಕೆಲವು ಅಗ್ಗದ ಡ್ರೈವರ್‌ಗಳಲ್ಲಿ ಮನೆಯ ವಿದ್ಯುತ್ ಮಾರ್ಗಕ್ಕೂ ಎಲ್‌ಇಡಿ ಮಾರ್ಗಕ್ಕೂ ಪ್ರತ್ಯೇಕತೆ ಇರುವುದಿಲ್ಲ; ಅಂತಹವುಗಳಲ್ಲಿ ಎಲ್‌ಇಡಿ ಪಟ್ಟಿಯನ್ನು ಮುಟ್ಟಿದರೂ ಆಘಾತವಾಗಬಹುದು. ಡ್ರೈವರನ್ನು ಕುಂಡಗಳಿಗಿಂತ ಎತ್ತರದಲ್ಲಿ ಇರಿಸಿ, ಸೋರಿಕೆ ಉಂಟಾದಾಗ ವಿದ್ಯುತ್ತನ್ನು ಕಡಿತಗೊಳಿಸುವ ಸಾಧನವನ್ನು ಅಳವಡಿಸುವುದು ಅವಶ್ಯ. ಮನೆಯ ವಿದ್ಯುತ್ ಮಾರ್ಗಕ್ಕೆ ಸಂಬಂಧಿಸಿದ ಕೆಲಸವನ್ನು ಅರ್ಹ ಎಲೆಕ್ಟ್ರಿಷಿಯನ್‌ನಿಂದ ಮಾಡಿಸಬೇಕು. ಪ್ರಖರ ಎಲ್‌ಇಡಿಯನ್ನು ನೇರವಾಗಿ ದಿಟ್ಟಿಸಬಾರದು.

ಬಳಕೆ

ಬೆಳಕು ಸಾಲದಿದ್ದರೆ ಕಾಂಡವು ತೆಳ್ಳಗೆ, ಉದ್ದವಾಗಿ ಬೆಳೆದು ಬಾಗುತ್ತದೆ. ಹೆಚ್ಚಾದರೆ ಮೇಲಿನ ಎಲೆಗಳು ಬಿಳಿಚಿಕೊಂಡು ಸುರುಟುತ್ತವೆ. ಈ ಲಕ್ಷಣಗಳನ್ನು ನೋಡಿ ದೀಪದ ಎತ್ತರವನ್ನೋ ಉರಿಸುವ ಅವಧಿಯನ್ನೋ ಹೊಂದಿಸಬೇಕು. ಸೊಪ್ಪುಗಳಿಗೆ ದಿನಕ್ಕೆ 12ರಿಂದ 16 ಗಂಟೆಗಳ ಬೆಳಕು ವಾಡಿಕೆ. ಹಗಲಿರುಳೂ ದೀಪ ಉರಿಸಿದರೆ ಎಲ್ಲ ಗಿಡಗಳಿಗೂ ಒಳಿತಾಗುವುದಿಲ್ಲ. ನಿರಂತರ ಬೆಳಕಿನಲ್ಲಿ ಟೊಮೇಟೊ ಎಲೆಗಳು ಹಾನಿಗೊಳ್ಳುತ್ತವೆ.

ಸೇವಂತಿಗೆಯು ರಾತ್ರಿ ದೀರ್ಘವಾದಾಗ ಮಾತ್ರ ಮೊಗ್ಗು ಬಿಡುವ ಸಸ್ಯ. ಕರ್ನಾಟಕದಲ್ಲಿ ಕೆಲವು ಸೇವಂತಿಗೆ ಬೆಳೆಗಾರರು ಹೊಲದಲ್ಲಿ ರಾತ್ರಿ ಬಲ್ಬು ಉರಿಸಿ ಹೂವಾಗುವುದನ್ನು ತಡೆಹಿಡಿಯುತ್ತಾರೆ. ಇಲ್ಲಿ ಬೆಳಕಿನ ಉದ್ದೇಶ ಆಹಾರ ತಯಾರಿಕೆಯಲ್ಲ. ಇರುಳಿನ ಅವಧಿಯನ್ನು ತುಂಡರಿಸುವುದು. ಅದಕ್ಕೆ ಮಂದ ಬೆಳಕೇ ಸಾಕು.

ಮಿತಿಗಳು

ಬೆಳಕು ಸರಿಯಾಗಿದ್ದರೂ ನೀರು, ಗಾಳಿ, ಪೋಷಕಾಂಶಗಳ ಕೊರತೆಯನ್ನು ದೀಪವು ತುಂಬಲಾರದು. ಬಿಸಿಲು ಬೀಳುವ ಮಾಳಿಗೆ ಅಥವಾ ಬಾಲ್ಕನಿ ಇರುವ ಮನೆಯಲ್ಲಿ ತರಕಾರಿಗೆ ಆ ಬಿಸಿಲೇ ಮಿತವ್ಯಯದ ಮಾರ್ಗ. ಬಿಸಿಲು ತಲುಪದ ಕೋಣೆಗಳಲ್ಲಿ, ಸಸಿಗಳನ್ನು ಎಬ್ಬಿಸುವ ಆರಂಭದ ವಾರಗಳಲ್ಲಿ ಹಾಗೂ ಚಳಿಗಾಲದಲ್ಲಿ ಹಗಲು ಬಹಳ ಕಿರಿದಾಗುವ ಶೀತದೇಶಗಳಲ್ಲಿ ಎಲ್‌ಇಡಿ ದೀಪದ ಪ್ರಯೋಜನ ಹೆಚ್ಚು.