ಗಂಧ ಸರ್ಕಾರದ್ದು, ಕಡಲೆಹಿಟ್ಟು ಮನೆಯದು

ಈಸೂರು ಎಂದೊಡನೆ ನಮಗೆ 1942 ನೆನಪಾಗುತ್ತದೆ. ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ನಿಂತು, ತನ್ನದೇ ಆಡಳಿತ ಘೋಷಿಸಿಕೊಂಡ ಊರದು. ಆ ಧೈರ್ಯಕ್ಕೆ ಬೆಲೆಯಾಗಿ 1943ರ ಮಾರ್ಚ್‌ನಲ್ಲಿ ಐವರು ಗಲ್ಲಿಗೇರಿದರು. ಇದನ್ನು ಶಾಲೆಯ ಮಕ್ಕಳೂ ಬಲ್ಲರು. ಆದರೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಈ ಸೀಮೆಯಲ್ಲಿ ಜನ ಮುಖ ಹೇಗೆ ತೊಳೆಯುತ್ತಿದ್ದರು, ಚಳಿಗೆ ಒಡೆದ ತುಟಿಗೆ ಏನು ಸವರುತ್ತಿದ್ದರು, ಯಾವುದು ಯಾರಿಗೆ ಒಗ್ಗುತ್ತದೆಂದು ಹೇಗೆ ತೀರ್ಮಾನಿಸುತ್ತಿದ್ದರು ಎಂಬುದಕ್ಕೂ ಒಂದು ಚರಿತ್ರೆಯಿದೆ. ನಿಮ್ಮ ಚರ್ಮದ ಬಗೆ ತಿಳಿದುಕೊಳ್ಳಿ, ಅದಕ್ಕೆ ತಕ್ಕ ದಿನಚರಿ ಮಾಡಿಕೊಳ್ಳಿ ಎಂಬ ಮಾತನ್ನು ಇವತ್ತಿನ ಜಾಹೀರಾತುಗಳು ಹೊಸ ಶೋಧವೆಂಬಂತೆ ಹೇಳುತ್ತವೆ. ಆ ತಿಳಿವಳಿಕೆ ಇಲ್ಲಿ ಮೊದಲಿನಿಂದಲೂ ಇತ್ತು. ಕಳೆದ ನೂರು ವರ್ಷಗಳಲ್ಲಿ ನಾವು ಅದನ್ನು ಕಳೆದುಕೊಂಡೆವು. ಈಗ ಅದನ್ನು ಮರಳಿ ಹುಡುಕುವಾಗ ತಪ್ಪು ಜಾಗದಲ್ಲಿ, ಅಂದರೆ ಹಳೆಯ ಸಾಮಗ್ರಿಗಳಲ್ಲಿ ಹುಡುಕುತ್ತಿದ್ದೇವೆ ಎಂಬುದು ನನ್ನ ವಾದ.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಿಂದ ಶುರುಮಾಡೋಣ. ಬನವಾಸಿ ಹನ್ನೆರಡು ಸಾಸಿರದ ರಾಜಧಾನಿಯಾಗಿದ್ದ ಆ ಊರಿನ ಕೋಡಿಯ ಮಠವನ್ನು ಬಿಜ್ಜಳನ ಕಾಲದ, 1162ರ ಶಾಸನವೊಂದು ವರ್ಣಿಸುತ್ತದೆ. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿತ್ತು, ಹಸಿದವರಿಗೆ ಅನ್ನ ಸಿಗುತ್ತಿತ್ತು. ಅದರ ಜೊತೆಗೆ ಅದು ದಿಕ್ಕಿಲ್ಲದ ರೋಗಿಗಳಿಗೆ ಔಷಧ ಕೊಡುವ ಸ್ಥಳವೂ ಆಗಿತ್ತು. ಯಾವ ರೋಗಕ್ಕೆ ಯಾವ ಮದ್ದು ಎಂಬ ವಿವರಕ್ಕೆ ಶಾಸನ ಹೋಗುವುದಿಲ್ಲ. ಆದರೆ ದಕ್ಷಿಣದ ವೈದ್ಯರಲ್ಲಿ ಹೆಚ್ಚು ಬಳಕೆಯಲ್ಲಿದ್ದ ಗ್ರಂಥ ವಾಗ್ಭಟನ ಅಷ್ಟಾಂಗಹೃದಯ, ಮತ್ತು ಅದರ ಸೂತ್ರಸ್ಥಾನದ 22ನೇ ಅಧ್ಯಾಯದಲ್ಲಿ ಮುಖಕ್ಕೆ ಹಚ್ಚುವ ಲೇಪಗಳ ವಿಚಾರ ಬರುತ್ತದೆ. ಅದನ್ನು ಓದಿದರೆ ಆಶ್ಚರ್ಯವಾಗುತ್ತದೆ. ಎಲ್ಲರಿಗೂ ಎಲ್ಲ ಕಾಲಕ್ಕೂ ಆಗುವ ಒಂದು ಲೇಪ ಅಲ್ಲಿಲ್ಲ. ಆರು ಋತುಗಳಿಗೆ ಆರು ಬೇರೆ ಬೇರೆ ಲೇಪಗಳಿವೆ. ಹೇಮಂತಕ್ಕೆ ಬೋರೆ ಬೀಜದ ತಿರುಳು, ಆಡುಸೋಗೆ ಬೇರು, ಬಿಳಿ ಸಾಸಿವೆ; ಬೇಸಿಗೆಗೆ ನೈದಿಲೆ, ಗರಿಕೆ, ಜ್ಯೇಷ್ಠಮಧು, ಚಂದನ. ಲೇಪ ಎಷ್ಟು ದಪ್ಪವಿರಬೇಕು ಎಂಬುದಕ್ಕೆ ಅಂಗುಲದ ಲೆಕ್ಕವಿದೆ. ನೆಗಡಿ, ಅಜೀರ್ಣ ಇರುವವರು ಹಚ್ಚಬಾರದು ಎಂಬ ಎಚ್ಚರಿಕೆಯಿದೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ಲೇಪ ಮುಖದ ಮೇಲೆ ಒಣಗಬಾರದು, ಒಣಗಿದರೆ ಕಾಂತಿ ಕೆಡುತ್ತದೆ; ಒದ್ದೆ ಮಾಡಿ ತೆಗೆದು, ಆಮೇಲೆ ಎಣ್ಣೆ ಸವರಬೇಕು. ಮುಖಕ್ಕೆ ಮುಲ್ತಾನಿ ಮಿಟ್ಟಿ ಮೆತ್ತಿಕೊಂಡು, ಅದು ಒಣಗಿ ಬಿರುಕು ಬಿಟ್ಟು ಚರ್ಮ ಬಿಗಿಯುವವರೆಗೆ ಕೂರುವುದೇ ಹಳೆಯ ಪದ್ಧತಿ ಎಂದು ನಂಬಿದವರು ಇದನ್ನು ಗಮನಿಸಬೇಕು. ಒಣಗುವ ಜೇಡಿ ಚರ್ಮದ ತೇವ ಮತ್ತು ಜಿಡ್ಡನ್ನು ಹೀರುತ್ತದೆ ಎಂದು ಇಂದಿನ ಚರ್ಮವೈದ್ಯರು ಹೇಳುವುದನ್ನೇ ಸಾವಿರ ವರ್ಷಕ್ಕೂ ಹಿಂದಿನ ವೈದ್ಯ ನೋಡಿ ತಿಳಿದಿದ್ದ.

ಈ ಪುಸ್ತಕದ ವೈದ್ಯಪದ್ಧತಿ ಮಠಕ್ಕೆ, ಅರಮನೆಗೆ ಸೇರಿದ್ದು, ಉಳುವವರ ಮನೆಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು, ಏಕೆಂದರೆ ನಮ್ಮ ಹಿರಿಯರೆಲ್ಲ ಮುಖಕ್ಕೆ ಗಂಧ ಹಚ್ಚುತ್ತಿದ್ದರು ಎಂಬ ಸುಲಭದ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. 1792ರಲ್ಲಿ ಟಿಪ್ಪು ಶ್ರೀಗಂಧವನ್ನು ರಾಜವೃಕ್ಷವೆಂದು ಘೋಷಿಸಿದ. ಆಮೇಲೆ ಬಂದ ಮೈಸೂರಿನ ಒಡೆಯರು, ಬ್ರಿಟಿಷ್ ಕಮಿಷನರುಗಳು, ಸ್ವಾತಂತ್ರ್ಯಾನಂತರದ ನಮ್ಮದೇ ಸರ್ಕಾರ, ಯಾರೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಗಂಧದ ಮರವನ್ನೂ ರೈತ ತನ್ನಿಷ್ಟದಂತೆ ಕಡಿಯುವಂತಿರಲಿಲ್ಲ, ಮಾರುವಂತಿರಲಿಲ್ಲ. ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ಬಂದು, ಜಮೀನಿನ ಒಡೆಯನೇ ಮರದ ಒಡೆಯ ಎಂದಾದದ್ದು 2001ರಲ್ಲಿ. ಅಲ್ಲಿಗೆ ಇನ್ನೂರು ವರ್ಷ ದಾಟಿತ್ತು. ಕಂದಾಯ ಕೊಡೆವು ಎಂದು ಎದೆಯೊಡ್ಡಿದ ಈಸೂರಿನವರ ಹೊಲದಲ್ಲಿಯೂ ಗಂಧದ ಮರ ಕಾನೂನಿನ ಪ್ರಕಾರ ಸರ್ಕಾರದ್ದೇ ಆಗಿತ್ತು. ಸೊರಬ, ಸಾಗರದ ಗುಡಿಗಾರರು ತಲೆಮಾರುಗಳಿಂದ ಗಂಧದಲ್ಲಿ ದೇವರ ಮೂರ್ತಿ, ಪೆಟ್ಟಿಗೆ, ಬೀಸಣಿಗೆ ಕೆತ್ತಿದರು. ಅವರೂ ಮರಕ್ಕಾಗಿ ಸರ್ಕಾರದ ಕಡೆಗೇ ನೋಡಬೇಕಿತ್ತು. ಹೀಗಿರುವಾಗ ಸಾಮಾನ್ಯರ ಮನೆಯಲ್ಲಿ ಗಂಧವೆಂದರೆ ದೇವರ ಗೂಡಿನ ಸಾಣೆಕಲ್ಲಿನ ಪಕ್ಕದ ಒಂದು ಕೊರಡು. ದೇವರಿಗೆ ತೇಯ್ದು ಮಿಕ್ಕಿದ್ದು ಬೆವರುಸಾಲೆಗೋ ಮೊಡವೆಗೋ ಒಂದು ಬೊಟ್ಟು. ದಿನವೂ ಮುಖಕ್ಕೆ ಬಳಿದುಕೊಳ್ಳುವಷ್ಟು ಗಂಧ ಯಾರ ಬಳಿಯೂ ಇದ್ದಿರಲಾರದು.

ಮನೆಯಲ್ಲಿ ನಿಜವಾಗಿ ಇದ್ದದ್ದು ಕಡಲೆಹಿಟ್ಟು, ಹೆಸರುಹಿಟ್ಟು, ಅರಿಶಿನ, ಸೀಗೆ, ಅಂಟುವಾಳ, ಕೊಬ್ಬರಿ ಎಣ್ಣೆ, ಹರಳೆಣ್ಣೆ, ಹಾಲಿನ ಕೆನೆ. ದೀಪಾವಳಿಯ ಬೂರೆ ಹಬ್ಬದ ಎಣ್ಣೆಸ್ನಾನದಲ್ಲಿ ಇವೆಲ್ಲ ಒಟ್ಟಿಗೆ ಕಾಣಿಸುತ್ತಿದ್ದವು. ಸೊರಬದ ಪಡುವಣ ಕಾಡಂಚಿನ ಕಡೆ ಇನ್ನೊಂದು ವಸ್ತುವಿತ್ತು. ಅದು ಮುರುಗಲ ತುಪ್ಪ. ಹಣ್ಣಿನ ಸಿಪ್ಪೆಯನ್ನು ಹುಳಿಗೂ ಪಾನಕಕ್ಕೂ ತೆಗೆದಿಟ್ಟ ಮೇಲೆ ಉಳಿದ ಬೀಜಗಳನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ತೆಗೆದು ಆರಿಸಿ ಉಂಡೆ ಕಟ್ಟಿದರೆ ಮೇಣದಂತೆ ಗಟ್ಟಿಯಾಗಿ, ತಿಳಿ ಹಳದಿಯಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಮೈಯ ಬಿಸಿಗಿಂತ ತುಸು ಹೆಚ್ಚಿನ ಶಾಖಕ್ಕೆ ಅದು ಕರಗುವುದರಿಂದ, ಬೆಂಕಿಗೆ ಹಿಡಿದು ಒಡೆದ ಹಿಮ್ಮಡಿಗೆ ಉಜ್ಜುತ್ತಾರೆ, ತುಟಿಗೆ ಸವರುತ್ತಾರೆ. ಇವತ್ತು ಕೋಕಂ ಬಟರ್ ಎಂಬ ಹೆಸರಿನಲ್ಲಿ ಪುಟ್ಟ ಡಬ್ಬಿಗಳಲ್ಲಿ ದುಬಾರಿ ಬೆಲೆಗೆ ಬರುತ್ತಿರುವುದು ಇದೇ. ಇಲ್ಲಿ ನಾನು ಬೊಟ್ಟು ಮಾಡಿ ತೋರಿಸಬೇಕೆಂದಿರುವುದು ಅದರ ಬಳಕೆಯ ಮಿತಿಯನ್ನು. ಮುರುಗಲ ತುಪ್ಪ ಚಳಿಗಾಲದ್ದು. ಹುಬ್ಬೆ ಮಳೆಯಲ್ಲಿ ಮೈಯೆಲ್ಲ ಥಂಡಿ ಹಿಡಿದು, ಬಟ್ಟೆಯೇ ಒಣಗದಿರುವಾಗ ಅದನ್ನು ಹಚ್ಚುವವರಿಲ್ಲ. ಸೊರಬದ ಪಡುವಣ ಭಾಗ ಮಲೆನಾಡಿನ ಮಳೆಯಲ್ಲಿ ನೆನೆದರೆ ಶಿಕಾರಿಪುರದ ಮೂಡಣ ಭಾಗ ಬಯಲುಸೀಮೆಗೆ ಮುಖ ಮಾಡಿದೆ. ಈಸೂರಿನಂಥ ಅರೆಮಲೆನಾಡಿನ ಊರುಗಳು ಈ ಎರಡರ ನಡುವೆ ಇವೆ. ಒಂದೇ ಜಿಲ್ಲೆಯ ಎರಡು ತಾಲ್ಲೂಕಿನ ಚರ್ಮಕ್ಕೆ ಒಂದೇ ಆರೈಕೆ ಸಾಲದು ಎಂಬುದನ್ನು ಹವೆಯೇ ಕಲಿಸಿತ್ತು. ಎಣ್ಣೆ ಹಚ್ಚಿದರೆ ಮೊಡವೆ ಏಳುವ ಹುಡುಗಿಗೆ ಹಿಟ್ಟು ಮಾತ್ರ, ಹಿಟ್ಟಿಗೆ ಮುಖ ಬಿರಿಯುವವಳಿಗೆ ಕೆನೆ ಕಲಸಿದ ಹಿಟ್ಟು. ಪುಸ್ತಕ ಓದದ ಮನೆಯಲ್ಲಿಯೂ ವಾಗ್ಭಟನ ಕ್ರಮವೇ ನಡೆದಿತ್ತು ಎಂದು ನಾನು ಹೇಳುವುದು ಈ ಅರ್ಥದಲ್ಲಿ.

ಈ ಕ್ರಮ ಸಡಿಲವಾದದ್ದು ಸಾಬೂನಿನಿಂದ. ಮೊದಲ ಮಹಾಯುದ್ಧ ಬಂದು ಗಂಧದ ಮರದ ರಫ್ತು ನಿಂತಾಗ ಮೈಸೂರು ಸರ್ಕಾರದ ಬಳಿ ಮರದ ರಾಶಿ ಉಳಿಯಿತು. ಅದರಿಂದ ಎಣ್ಣೆ ತೆಗೆಯುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ರೂಪಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಎದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಆಸೆ, ವಿಶ್ವೇಶ್ವರಯ್ಯನವರ ಯೋಜನೆ, ಸೋಸಲೆ ಗರಳಪುರಿ ಶಾಸ್ತ್ರಿಗಳ ವಿದ್ಯೆ ಸೇರಿ ಮೈಸೂರು ಸ್ಯಾಂಡಲ್ ಸಾಬೂನು ಹುಟ್ಟಿತು. ಶಿವಮೊಗ್ಗ ಸೀಮೆಯ ರೈತ ಮುಟ್ಟಲಾಗದ ಗಂಧ, ಶರಭದ ಗುರುತು ಹೊತ್ತು, ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುವಂತಾಯಿತು. ಇದನ್ನು ನಾನು ಹಳಿಯಲಾರೆ. ಹಿಟ್ಟು ಬೀಸಿ, ಸೀಗೆ ಕುಟ್ಟಿ, ಜರಡಿ ಹಿಡಿದು ಸುಸ್ತಾಗುತ್ತಿದ್ದವರು ಹೆಂಗಸರು. ಅವರ ರಟ್ಟೆಯ ದುಡಿಮೆಯನ್ನು ಸಾಬೂನು ಉಳಿಸಿತು. ಕಜ್ಜಿ, ಭೇದಿಯ ವಿರುದ್ಧ ಅದು ಮಾಡಿದ ಕೆಲಸ ದೊಡ್ಡದು. ಅಡಿಕೆ ಸುಲಿದು ಚೊಗರಿನಿಂದ ಕಪ್ಪಾದ ಕೈಗೂ ಹೊಲದ ಕೆಸರಿಗೂ ಸಾಬೂನು ಬೇಕೇ ಬೇಕು. ಕೈ ತೊಳೆಯುವುದಕ್ಕೆ ತಕ್ಕದ್ದು ಮುಖಕ್ಕೂ ತಕ್ಕದ್ದೆಂದು ನಾವು ಭಾವಿಸಿಕೊಂಡದ್ದರಲ್ಲಿ ತಪ್ಪಿದೆ. ಚರ್ಮದ ಮೇಲ್ಪದರ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5. ಸಾಮಾನ್ಯ ಸಾಬೂನಿನದು 9ರಿಂದ 10. ಜಿಡ್ಡಿನ ಮುಖ ಇದನ್ನು ತಡೆದುಕೊಂಡೀತು, ಒಣ ಮುಖ ಬಿರಿಯುತ್ತದೆ. ಒಂದೇ ಬಿಲ್ಲೆ ಇಡೀ ಮನೆಗೆ, ಇಡೀ ವರ್ಷಕ್ಕೆ ಆದಾಗ ಋತುವನ್ನೂ ಆಳನ್ನೂ ನೋಡಿ ನಿರ್ಧರಿಸುವ ಅಭ್ಯಾಸ ಮರೆತುಹೋಯಿತು.

ಸಾಬೂನಿಗಿಂತ ಹೆಚ್ಚು ಕೆಡಿಸಿದ್ದು ಬಣ್ಣದ ಹುಚ್ಚು. ಇದು ಕಂಪನಿಗಳು ತಂದದ್ದಲ್ಲ, ನಮ್ಮ ಗ್ರಂಥಗಳಲ್ಲೇ ಇತ್ತು ಎಂಬ ಆಕ್ಷೇಪಣೆಯಲ್ಲಿ ಸತ್ಯವಿದೆ. ವಾಗ್ಭಟ ಹೇಳುವ ಮೂರು ಬಗೆಯ ಮುಖಲೇಪಗಳಲ್ಲಿ ಒಂದು ಬಣ್ಣಕ್ಕೆಂದೇ ಇದೆ. ಗಂಡಿನ ಕಡೆಯವರು ಹೆಣ್ಣಿನ ಬಣ್ಣ ನೋಡುವ ಕೆಟ್ಟ ಚಾಳಿಯೂ ನಮ್ಮದೇ. ಆದರೆ ಉಳಿದ ಎರಡು ಲೇಪಗಳು ಇರುವುದು ದೋಷ ಮತ್ತು ವಿಷ ಕಳೆಯಲಿಕ್ಕೆ, ಅಂದರೆ ಚರ್ಮದ ಆರೋಗ್ಯಕ್ಕೆ. ಮಾರುಕಟ್ಟೆ ಆ ಎರಡನ್ನು ಬಿಟ್ಟು ಮೂರನೆಯದನ್ನು ಮಾತ್ರ ಎತ್ತಿಕೊಂಡಿತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರಿನಿಂದ ಫೇರ್ ಎಂಬುದನ್ನು ತೆಗೆಯಿತು. ಜನರ ಮನಸ್ಸಿನಿಂದ ಅದು ಹೋಗಿಲ್ಲ. ಇದರ ಅತ್ಯಂತ ಘೋರ ಫಲವೆಂದರೆ ಸ್ಟೀರಾಯ್ಡ್ ಮುಲಾಮು. ದೇಶದ ಹಲವು ಚರ್ಮರೋಗ ಕೇಂದ್ರಗಳು ಸೇರಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯೆಂದು ಬಂದ 2926 ಜನರಲ್ಲಿ 433 ಮಂದಿ ಇಂಥ ಮುಲಾಮು ಹಚ್ಚುತ್ತಿದ್ದವರು. ಅವರಲ್ಲಿ ಹಲವರು ಅದನ್ನು ಬಿಳುಪಿನ ಕ್ರೀಮೆಂದೋ ಸಾಮಾನ್ಯ ಕ್ರೀಮೆಂದೋ ಬಳಸಿದ್ದರು. ಮೊದಲ ಕೆಲವು ವಾರ ಮುಖ ತಿಳಿಯಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳಗಳು ಕೆಂಪಗೆ ಕಾಣುತ್ತವೆ, ಮೊಡವೆ, ಕೂದಲು ಏಳುತ್ತವೆ, ಬಿಟ್ಟರೆ ಉರಿ ತಡೆಯಲಾಗುವುದಿಲ್ಲ.

ಹಾಗಾದರೆ ಅಡುಗೆಮನೆಗೇ ಹಿಂದಿರುಗೋಣ ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಮನೆಯದೆಂದ ಮಾತ್ರಕ್ಕೆ ನಿರಪಾಯವಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ. ಅರಿಶಿನ, ಕುಂಕುಮ ಕೆಲವರಿಗೆ ಅಲರ್ಜಿ. ತರಿತರಿ ಹಿಟ್ಟಿನಿಂದ ತಿಕ್ಕಿದರೆ ಮೊಡವೆ ಒಡೆದು ಹರಡುತ್ತದೆ. ಇದೆಲ್ಲ ಪೇಟೆಯ ಶೋಕಿ, ಬಿಸಿಲಲ್ಲಿ ದುಡಿಯುವವರಿಗೆ ಯಾಕೆ ಎನ್ನುವುದೂ ಸರಿಯಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡ ಸೀಮೆಯಿದು. ಅದನ್ನು ಹರಡುವ ಉಣುಗು ಹತ್ತದಂತೆ ಹಚ್ಚಿಕೊಂಡೇ ಕಾಡಿಗೆ ಹೋಗಿ ಎಂದು ಆರೋಗ್ಯ ಇಲಾಖೆ ಇವತ್ತಿಗೂ ಎಣ್ಣೆ ಹಂಚುತ್ತದೆ. ಮೈಗೆ ಏನು ಹಚ್ಚಬೇಕೆಂಬುದು ಇಲ್ಲಿ ದುಡಿಯುವವರದೇ ಪ್ರಶ್ನೆ. ಅವರು ಬಿಸಿಲಿಗೆ ಹಾಳೆ ಟೊಪ್ಪಿ ಇಟ್ಟರು, ತಲೆಯ ಮೇಲೆ ಸೆರಗು ಹೊದ್ದರು. ಇವತ್ತಿನ ಸನ್‌ಸ್ಕ್ರೀನಿನ ಕೆಲಸದಲ್ಲಿ ಒಂದು ಪಾಲು ನೆರಳೇ ಮಾಡುತ್ತಿತ್ತು.

ಹಳೆಯ ಕ್ರಮದಿಂದ ಇಂದಿಗೆ ದಕ್ಕುವುದು ಇಷ್ಟು: ಮೃದುವಾದದ್ದರಿಂದ ತೊಳೆಯಿರಿ, ತೇವ ಆರುವ ಮೊದಲೇ ನಿಮ್ಮ ಚರ್ಮಕ್ಕೆ ಸರಿಹೋಗುವ ಜಿಡ್ಡನ್ನೋ ಕ್ರೀಮನ್ನೋ ತೆಳುವಾಗಿ ಸವರಿ, ಬಿಸಿಲಿಗೆ ಮರೆ ಮಾಡಿ. ಹೊಸದೇನಿದ್ದರೂ ಮೊದಲು ಮೊಣಕೈ ಒಳಬದಿಗೆ ಹಚ್ಚಿ ಎರಡು ಮೂರು ದಿನ ನೋಡಿ. ಒಮ್ಮೆಗೆ ಒಂದನ್ನೇ ಬದಲಿಸಿ. ಮಳೆಗಾಲಕ್ಕೆ ಒಗ್ಗಿದ್ದು ಮಾಗಿಗೆ ಒಗ್ಗದಿದ್ದರೆ ಬಿಡಿ. ಕಡಲೆಹಿಟ್ಟೋ ಫೇಸ್‌ವಾಶೋ ಎಂಬ ಜಗಳ ಬೇಡ, ಎರಡೂ ಕೆಲವರಿಗೆ ಆಗುತ್ತವೆ, ಕೆಲವರಿಗೆ ಆಗುವುದಿಲ್ಲ. ಮನೆಯಲ್ಲಿರುವ ಕ್ರೀಮಿನ ಟ್ಯೂಬನ್ನು ಇವತ್ತೇ ಹಿಂದುಮುಂದು ತಿರುಗಿಸಿ ಓದಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರಿದ್ದು, ಅದನ್ನು ವೈದ್ಯರು ಬರೆದುಕೊಟ್ಟಿಲ್ಲವಾದರೆ ಮುಖಕ್ಕೆ ಹಚ್ಚಬೇಡಿ. ಬಹಳ ದಿನದಿಂದ ಹಚ್ಚುತ್ತಿದ್ದರೆ ಮಾತ್ರ ಥಟ್ಟನೆ ನಿಲ್ಲಿಸಿ ಉರಿ ತಂದುಕೊಳ್ಳದೆ, ಚರ್ಮವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬಿಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಟ್ಯೂಬನ್ನು ಜೊತೆಗೇ ಒಯ್ಯಿರಿ.